ಶಿರಸಿಯ ದೇವಿಕೆರೆ ಮತ್ತು ಬಿಡಕಿಬೈಲು: ಒಂದು ಐತಿಹಾಸಿಕ ವಿವೇಚನೆ

ಊರೊಂದರ ಇತಿಹಾಸವನ್ನು ಬರೆಯಹೊರಟವರು ಮೊದಲು ಶಾಸನಗಳನ್ನೂ ದೇವಾಲಯಗಳನ್ನೂ ಅರಸುತ್ತಾರೆ. ಊರ ನಡುವಣ ಕೆರೆಯನ್ನೂ ಬಯಲನ್ನೂ ಗಮನಿಸುವುದು ಕಡಮೆ. ಕದಂಬರ ಬನವಾಸಿಯನ್ನೂ ಶಾಲ್ಮಲಾ ನದಿಯ ಸಹಸ್ರಲಿಂಗವನ್ನೂ ಸೋದೆಯ ಮಠಗಳನ್ನೂ ನೋಡಬಂದ ಪ್ರವಾಸಿಗರು ಶಿರಸಿಯನ್ನು ಕೇವಲ ತಂಗುದಾಣವೆಂದು ಎಣಿಸುವುದುಂಟು. ಆದರೆ ಈ ಊರಿನಲ್ಲಿಯೇ ಕೋಟೆಕೆರೆ, ದೇವಿಕೆರೆ, ಬಿಡಕಿಬೈಲು ಎಂಬ ಮೂರು ತೆರೆದ ತಾಣಗಳಿವೆ. ಇವು ಜನರು ಕಲೆಯುವ ಸ್ಥಳಗಳಷ್ಟೇ ಅಲ್ಲ, ಊರಿನ ಬೆಳವಣಿಗೆಗೆ ಸಾಕ್ಷಿಗಳೂ ಹೌದೆಂಬುದನ್ನು ಈ ಕಿರುಲೇಖನದಲ್ಲಿ ತೋರಿಸಲು ಯತ್ನಿಸಿದ್ದೇವೆ.

ಮೊದಲನೆಯದು ಕೋಟೆಕೆರೆ. ಇದರ ಹೆಸರೇ ಇಲ್ಲಿ ಹಿಂದೆ ಕೋಟೆಯೊಂದು ಇದ್ದುದನ್ನು ಸಾರುತ್ತದೆ. ಸೋದೆಯ ನಾಯಕರು ಹದಿನಾರನೆಯ ಶತಮಾನದ ನಡುಭಾಗದಿಂದ 1763ರ ವರೆಗೆ ಈ ಪ್ರದೇಶವನ್ನು ಆಳಿದರು. ಅವರಲ್ಲಿ ರಾಮಚಂದ್ರ ನಾಯಕನು (1598-1618) ಶಿರಸಿಯ ಕೋಟೆಯನ್ನು ಕಟ್ಟಿಸಿದನೆಂದು ಪ್ರತೀತಿ. ರಾಜಧಾನಿಯಾದ ಸೋದೆಯಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ ಕೋಟೆಯೊಂದು ಬೇಕಾಯಿತೆಂದರೆ, ಆ ಕಾಲಕ್ಕಾಗಲೇ ಈ ಸ್ಥಳಕ್ಕೆ ಮಹತ್ವವಿದ್ದಿತೆಂದು ಊಹಿಸಬಹುದು.

ಎರಡನೆಯದು ದೇವಿಕೆರೆ. ಹಾನಗಲ್ಲಿನ ದೇವಿಯ ವಿಗ್ರಹವನ್ನು ಕಳ್ಳರು ಒಡವೆಗಳೊಡನೆ ಅಪಹರಿಸಿ ತಂದು ಶಿರಸಿಯ ಕೆರೆಯಲ್ಲಿ ಎಸೆದರೆಂದೂ, ಅದು ಅಲ್ಲಿಯೇ ದೊರೆತು ಮಾರಿಕಾಂಬೆಯಾಗಿ ಪ್ರತಿಷ್ಠೆಗೊಂಡಿತೆಂದೂ ಐತಿಹ್ಯವಿದೆ. ದೇವಾಲಯದ ಸ್ಥಾಪನೆಗೆ ಸಾಮಾನ್ಯವಾಗಿ 1688ನೆಯ ಇಸವಿಯನ್ನು ಹೇಳುತ್ತಾರೆ. ಅದು ಸೋದೆಯ ಸದಾಶಿವ ನಾಯಕನ ಆಳಿಕೆಯ ಕಾಲ. ಐತಿಹ್ಯವನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಹಾಗೆಂದು ಅದನ್ನು ತಳ್ಳಿಹಾಕುವುದೂ ಯುಕ್ತವಲ್ಲ. ಕಥೆಯ ಉಳಿದ ಅಂಶಗಳು ಹೇಗೇ ಇರಲಿ, ಗುಡಿಗಿಂತ ಕೆರೆಯೇ ಹಿಂದಿನದೆಂಬುದನ್ನು ಅದು ಸಹಜವಾಗಿಯೇ ಒಪ್ಪಿಕೊಳ್ಳುತ್ತದೆ. ದೇವಿಯ ಮಹಿಮೆಯನ್ನು ಹೇಳಹೊರಟ ಜನರಿಗೆ ಕೆರೆಯ ಪ್ರಾಚೀನತೆಯನ್ನು ಕಲ್ಪಿಸುವ ಅಗತ್ಯವಿರಲಿಲ್ಲ. ಆದುದರಿಂದ ಈ ಸಾಕ್ಷ್ಯಕ್ಕೆ ಬೆಲೆಯುಂಟೆಂದು ನಮ್ಮ ಅಭಿಪ್ರಾಯ.

1763ರಲ್ಲಿ ಹೈದರ ಅಲಿಯ ಸೈನ್ಯಕ್ಕೆ ಸೋದೆಯು ವಶವಾಯಿತು. ಅರಸನು ಗೋವೆಯ ಆಶ್ರಯವನ್ನು ಪಡೆದನು. ರಾಜಧಾನಿಯು ಹಳ್ಳಿಯಾಗಿ ಉಳಿಯಿತು, ಶಿರಸಿಯು ಪೇಟೆಯಾಗಿ ಬೆಳೆಯಿತು. ಇದಕ್ಕೆ ಮುಖ್ಯ ಕಾರಣ ದಾರಿ. ಘಟ್ಟದ ಅಡಕೆ, ಮೆಣಸು, ಏಲಕ್ಕಿಗಳು ಕರಾವಳಿಗೆ ಇಳಿಯಬೇಕಾಗಿದ್ದಿತು. ದೇವಿಮನೆ ಘಟ್ಟದ ಮಾರ್ಗವು ಶಿರಸಿಯನ್ನು ಕುಮಟೆಯ ಬಂದರಿಗೆ ಜೋಡಿಸಿತು. 1862ರಲ್ಲಿ ಜಿಲ್ಲೆಯು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಅಮೇರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿಯ ಸರಬರಾಜು ನಿಂತಿದ್ದ ಆ ದಿನಗಳಲ್ಲಿ ಧಾರವಾಡ ಸೀಮೆಯ ಹತ್ತಿಯನ್ನು ಕುಮಟೆಗೆ ಸಾಗಿಸುವುದು ಸರಕಾರಕ್ಕೂ ವರ್ತಕರಿಗೂ ಅವಶ್ಯವಾಗಿದ್ದಿತು. 1923ರಲ್ಲಿ ತೋಟಗಾರರು ಇಲ್ಲಿ ತಮ್ಮದೇ ಆದ ಸಹಕಾರಿ ಮಾರಾಟ ಸಂಘವನ್ನು ಸ್ಥಾಪಿಸಿದುದು ಈ ಬೆಳವಣಿಗೆಯ ಮುಂದಿನ ಹೆಜ್ಜೆ.

ಹೀಗೆ ಬೆಳೆದ ಪೇಟೆಯ ನಡುವೆ ಇರುವುದು ಮೂರನೆಯ ತಾಣವಾದ ಬಿಡಕಿಬೈಲು. ಎರಡು ವರ್ಷಗಳಿಗೊಮ್ಮೆ ನಡೆಯುವ ಜಾತ್ರೆಯಲ್ಲಿ ದೇವಿಯು ರಥವೇರಿ ಬಂದು ಇಲ್ಲಿಯ ಗದ್ದುಗೆಯಲ್ಲಿ ಮಂಡಿಸುತ್ತಾಳೆ. ಈ ಜಾತ್ರೆಯೂ ಬದಲಾಗದೆ ಉಳಿದುದಲ್ಲ. 1934ರಲ್ಲಿ ಗಾಂಧೀಜಿಯವರು ಶಿರಸಿಗೆ ಬಂದ ಕಾಲದಲ್ಲಿ ಕೋಣನ ಬಲಿಯು ನಿಂತಿತು. ಆಚರಣೆಯ ಒಂದು ಅಂಗವು ಹೋದರೂ ಗದ್ದುಗೆಯ ಸ್ಥಾನವು ಹೋಗಲಿಲ್ಲ. ಅಂಗಡಿಯ ನೆಲಕ್ಕೆ ಬೆಲೆಯೇರುವ ಪೇಟೆಯಲ್ಲಿ ಬಯಲೊಂದು ಬಯಲಾಗಿಯೇ ಉಳಿಯಬೇಕಾದರೆ ಅದಕ್ಕೊಬ್ಬ ಕಾವಲುಗಾರ ಬೇಕು. ಇಲ್ಲಿ ಆ ಕೆಲಸವನ್ನು ಸಂಪ್ರದಾಯವು ಮಾಡಿದೆ.

ಕೆರೆಗಳಿಗೆ ಅಂತಹ ಕಾವಲಿಲ್ಲ. ಎರಡು ವರ್ಷಕ್ಕೊಮ್ಮೆ ಲಕ್ಷಾಂತರ ಜನರು ಬಂದು ನಿಲ್ಲುವುದು ಬಯಲಿನಲ್ಲಿಯೇ ಹೊರತು ಕೆರೆಯ ದಡದಲ್ಲಿ ಅಲ್ಲ. ಮನೆಮನೆಗೆ ನಲ್ಲಿಯ ನೀರು ಬಂದ ಮೇಲೆ ಕೆರೆಯೊಡನೆ ಜನರ ನಿತ್ಯಸಂಬಂಧವೂ ಕಡಿಯಿತು. ಹೂಳೆತ್ತುವುದೂ ದಡವನ್ನು ಅಂದಗೊಳಿಸುವುದೂ ಸ್ತುತ್ಯವಾದ ಕಾರ್ಯಗಳೇ. ಆದರೆ ಹಳೆಯ ಮೆಟ್ಟಿಲು, ಕಟ್ಟೆ, ತೂಬು, ನೀರು ಬರುವ ಕಾಲುವೆ ಇವೆಲ್ಲವೂ ದಾಖಲೆಗಳೆಂಬುದನ್ನು ಮರೆಯಬಾರದು. ಅವುಗಳನ್ನು ಅಳೆದು, ಹಳೆಯ ಭೂಮಾಪನ ನಕಾಶೆಗಳೊಡನೆ ತಾಳೆ ನೋಡಿ ಬರೆದಿಡುವ ಕೆಲಸವು ಇಂತಹ ಕಾಮಗಾರಿಗೆ ಮುಂಚಿತವಾಗಿಯೇ ಆಗತಕ್ಕದ್ದು. ಶಿಲಾಶಾಸನವು ಮಣ್ಣಿನಡಿಯಲ್ಲಿ ಹೂತುಹೋದರೂ ಮುಂದೊಂದು ದಿನ ದೊರೆತೀತು. ಕೆರೆಯ ಅಂಚು ಒಮ್ಮೆ ಅಳಿದರೆ ಅದನ್ನು ಓದುವ ಬಗೆಯೇ ಇಲ್ಲ.