ಖಾಕಿ ಎಂದರೆ ಯಾವ ಖಾಕಿ?

ಎರಡು ಅಂಗುಲಕ್ಕಿಂತ ತುಸುವೇ ಎತ್ತರದ ಸಿಪಾಯಿ. ತಲೆಗೆ ಟೋಪಿ, ಹೆಗಲಿಗೆ ಬಂದೂಕು. ಇಂಥ ಮಾದರಿ ಬೊಂಬೆಗಳಿಗೆ ಬಣ್ಣ ಹಚ್ಚುವ ಹವ್ಯಾಸಿಗಳು ಮುಖ, ಬೂಟುಗಳನ್ನು ಬೇಗನೆ ಮುಗಿಸುತ್ತಾರೆ. ಕೈ ತಡೆಯುವುದು ಸಮವಸ್ತ್ರಕ್ಕೆ ಬಂದಾಗ. ಖಾಕಿ ಎಂದು ಬರೆದ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ, ನಿಜ. ಆದರೆ ಅದು ಯಾವ ಕಾಲದ, ಯಾವ ಸೇನೆಯ ಖಾಕಿ?

ಲಂಡನ್ನಿನ ಬ್ರಿಟನ್ಸ್ ಕಂಪೆನಿ 1893ರಲ್ಲಿ ಒಳಗೆ ಪೊಳ್ಳಾದ ಸೀಸದ ಸಿಪಾಯಿಗಳನ್ನು ಮಾರುಕಟ್ಟೆಗೆ ತಂದಿತು. ಅವು ಮಕ್ಕಳ ಆಟಿಕೆ; ಹೊಳೆಯುವ ಕೆಂಪು, ಹೊಳೆಯುವ ನೀಲಿ ಬಳಿದರೆ ಸಾಕಾಗುತ್ತಿತ್ತು. ಹಿರಿಯರು ಈ ಹವ್ಯಾಸಕ್ಕೆ ಇಳಿದ ಮೇಲೆ ಇತಿಹಾಸದ ತಕರಾರು ಶುರುವಾಯಿತು.

ಪಾರ್ಸಿ ಭಾಷೆಯಲ್ಲಿ 'ಖಾಕ್' ಎಂದರೆ ಧೂಳು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆ ಈ ಬಣ್ಣದ ಉಡುಪಿಗೆ ಹೆಸರಾಯಿತು. 1857ರ ದಂಗೆಯ ಬೇಸಿಗೆಯಲ್ಲಿ ಬ್ರಿಟಿಷ್ ಪಡೆಗಳೂ ತಮ್ಮ ಬಿಳಿ ಬಟ್ಟೆಗಳಿಗೆ ಕೈಗೆ ಸಿಕ್ಕ ಬಣ್ಣ ಹಾಕಿಕೊಂಡವು. ಒಂದರದು ಕಂದು, ಇನ್ನೊಂದರದು ಬೂದಿ, ಮತ್ತೊಂದರದು ನೇರಳೆ ಬೆರೆತಂತೆ! ಅಗಸನ ಕಲ್ಲಿಗೆ ನಾಲ್ಕು ಸಲ ಬಿದ್ದರೆ ಅದೂ ಉಳಿಯುತ್ತಿರಲಿಲ್ಲ. ತೊಳೆದರೂ ಬಿಡದ ಖಾಕಿ ಬಣ್ಣಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1884ರಲ್ಲಿ.

ಖಾಕಿ ನಮ್ಮೂರಿನದು ಎಂಬ ವಾದ ಮಂಗಳೂರಿನಲ್ಲೂ ಇದೆ. ಅಲ್ಲಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ 1851ರ ಹೊತ್ತಿಗೆ ಜಾನ್ ಹಾಲರ್ ಈ ಬಣ್ಣವನ್ನು ಕಂಡುಹಿಡಿದರು ಎಂದು ಹೇಳಲಾಗುತ್ತದೆ. ಲಮ್ಸ್‌ಡೆನ್ ಕೆಲವು ವರ್ಷ ಮುಂಚಿನವನು. ಆದರೆ ಧೂಳಿನ ಬಣ್ಣ ಒಂದೇ ಕಡೆ ಹುಟ್ಟಬೇಕೆಂದೇನೂ ಇಲ್ಲವಲ್ಲ.

ಬೊಂಬೆಗೆ ಬಣ್ಣ ಹಚ್ಚುವವರಿಗೆ ಇದು ಬರಿಯ ಕಥೆಯಲ್ಲ. ಭಾರತದ ಬಿಸಿಲಿಗೆ ಹೊಲಿದ ಹತ್ತಿಯ ಖಾಕಿ ತಿಳಿ ಮಣ್ಣಿನ ಬಣ್ಣ: ಯೆಲ್ಲೋ ಓಕರ್‌ಗೆ ಬಿಳಿ, ಜೊತೆಗೆ ಚಿಟಿಕೆ ಕಂದು. 1902ರಲ್ಲಿ ಬ್ರಿಟಿಷ್ ಸೇನೆ ತನ್ನ ನಾಡಿನ ಚಳಿಗೆಂದು ತಂದ ಉಣ್ಣೆಯ ಸಮವಸ್ತ್ರ ಹಾಗಲ್ಲ. ಅದಕ್ಕೆ ಕಂದು ಹೆಚ್ಚು, ಹಸಿರಿನ ಛಾಯೆಯೂ ಬೇಕು. ಮೊದಲ ಮಹಾಯುದ್ಧದ ಸೈನಿಕನಿಗೆ ಹತ್ತಿಯ ಖಾಕಿಯನ್ನೇ ಬಳಿದರೆ ಆತ ಫ್ರಾನ್ಸಿನ ಕೆಸರಿನಲ್ಲಲ್ಲ, ಮರುಭೂಮಿಯಲ್ಲಿ ನಿಂತಂತೆ ಕಾಣುತ್ತಾನೆ. ಇನ್ನೊಂದು ತೊಡಕು: ಬಟ್ಟೆಯ ಬಣ್ಣವನ್ನೇ ಯಥಾವತ್ತು ಬಳಿದರೆ ಚಿಕ್ಕ ಬೊಂಬೆ ಮಂಕಾಗುತ್ತದೆ. ಹಾಗಾಗಿ ತುಸು ಬಿಳಿ ಬೆರೆಸಿ ತಿಳಿಯಾಗಿಸುತ್ತಾರೆ. ಮಡಿಕೆಗಳ ನೆರಳಿಗೆ ಕಪ್ಪು ಹಾಕುವವರಿದ್ದಾರೆ. ಖಾಕಿ ಕೊಳೆಯಾಗುವುದು ಆಗಲೇ. ಗಾಢ ಕಂದು ವಾಸಿ.

ಕೆಂಪಿನಲ್ಲೂ ಸುಲಭವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಕೆಂಪು ಕೋಟಿನವರೆಲ್ಲರ ಕೆಂಪು ಒಂದೇ ಅಲ್ಲ. ಬ್ರಿಟಿಷ್ ಅಧಿಕಾರಿಯ ಕೋಟಿಗೆ ಕಾಚಿನೀಲ್ ಕೀಟದಿಂದ ತೆಗೆದ ದುಬಾರಿ ಕಡುಗೆಂಪು. ಸಾಮಾನ್ಯ ಸೈನಿಕನಿಗೆ ಮಂಜಿಷ್ಠದ ಜಾತಿಯ ಬೇರಿನಿಂದ ಬಂದ ಅಗ್ಗದ, ಇಟ್ಟಿಗೆಯಂಥ ಕೆಂಪು. ಇಬ್ಬರಿಗೂ ಒಂದೇ ಡಬ್ಬಿಯ ಬಣ್ಣ ಬಳಿದರೆ ಸಂಬಳದ ಅಂತರವೇ ಅಳಿಸಿಹೋಗುತ್ತದೆ.

ಹಳೆಯ ಫೋಟೊ ನೋಡಿ ತಿಳಿಯೋಣವೆಂದರೆ ಅದೂ ಮೋಸ. ಆ ಕಾಲದ ಫಿಲ್ಮಿಗೆ ಕೆಂಪು ತಿಳಿಯದು: ಕೆಂಪು ಕೋಟು ಕಪ್ಪಾಗಿ, ನೀಲಿ ಬಟ್ಟೆ ಬೆಳ್ಳಗಾಗಿ ಮೂಡುತ್ತದೆ. ವಸ್ತುಸಂಗ್ರಹಾಲಯದ ಕೋಟಿಗೂ ನೂರು ವರ್ಷದ ಬೆಳಕು ತಾಗಿದೆ. ಅದಕ್ಕೇ ಅನುಭವಿಗಳು ಕೋಟಿನ ಎದೆಯನ್ನು ನೋಡುವುದಿಲ್ಲ. ಕಾಲರಿನ ಅಡಿ, ಜೇಬಿನ ಮುಚ್ಚಳದ ಹಿಂದೆ, ಹೊಲಿಗೆಯ ಒಳಮಡಿಕೆಯಲ್ಲಿ ಹುಡುಕುತ್ತಾರೆ. ಬಿಸಿಲು ತಾಗದ ಆ ಬೆರಳಗಲದ ಬಟ್ಟೆಯಲ್ಲಿ ಹೊಸತರ ಬಣ್ಣ ಇನ್ನೂ ಉಳಿದಿರುತ್ತದೆ.