ಅಜ್ಜಿ ಹುಟ್ಟಿದ ಊರು ಪಟ್ಟಿಯಲ್ಲಿಲ್ಲ

ಅಜ್ಜಿಯದೊಂದು ಅರ್ಜಿ ತುಂಬಿಸೋದಿತ್ತು. ಕೊಟ್ಟೂರಿನ ಒಂದು ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಹೆಸರು, ಗಂಡನ ಹೆಸರು, ಆಧಾರ್ ನಂಬರ್ ಎಲ್ಲಾ ಆಯಿತು. 'ಹುಟ್ಟಿದ ಊರು' ಅಂತ ಬಂದಾಗ ಕೆಲಸ ನಿಂತಿತು. ಜಿಲ್ಲೆ ಒತ್ತಿದರೆ ತಾಲೂಕು ಬರುತ್ತೆ, ತಾಲೂಕು ಒತ್ತಿದರೆ ಊರುಗಳ ಪಟ್ಟಿ ಬರುತ್ತೆ. ಹುಡುಗ ಎರಡು ಸಲ ಮೇಲಿಂದ ಕೆಳಗೆ ನೋಡಿದ. ಅಜ್ಜಿ ಹೇಳಿದ ಊರು ಅದರಲ್ಲಿ ಇರಲಿಲ್ಲ.

"ಯಾವೂರು ಅಂದ್ರಿ ಅಜ್ಜಿ?"

"ನಾರಾಯಣದೇವರಕೆರಿ."

"ಎಲ್ಲಿ ಬರುತ್ತೆ ಅದು?"

"ಡ್ಯಾಮಿನ ನೀರಾಗ ಐತಪ್ಪ."

ಹುಡುಗ ನಕ್ಕ. ಅಜ್ಜಿ ನಗಲಿಲ್ಲ. ಕೊನೆಗೆ ಮರಿಯಮ್ಮನಹಳ್ಳಿ ಅಂತ ಬರೆದು ಮುಗಿಸಿದೆವು. ವಾಪಸ್ ಬರುವಾಗ ಆಟೋದಲ್ಲಿ ಅಜ್ಜಿ ಒಂದೇ ಮಾತು ಅಂದಳು: "ಅದು ನಮ್ಮೂರೋರು ಎದ್ದು ಹೋಗಿ ಕುಂತ ಜಾಗ. ನಾ ಹುಟ್ಟಿದ ಊರಲ್ಲ."

ತುಂಗಭದ್ರಾ ಡ್ಯಾಮಿನ ಬಗ್ಗೆ ನಾನು ಎಷ್ಟೋ ಸುದ್ದಿ ಬರೆದಿದ್ದೇನೆ. ಇಷ್ಟು ಟಿಎಂಸಿ ನೀರು, ಇಷ್ಟು ಕ್ಯೂಸೆಕ್ ಒಳಹರಿವು ಅಂತ. ನಮ್ಮ ಮನೆಯಲ್ಲೇ ಮುಳುಗಡೆ ಊರಿನ ಹೆಣ್ಣುಮಗಳು ಇದ್ದಾಳೆ, ಆಕೆಯನ್ನು ಒಂದು ದಿನವೂ ಕೂರಿಸಿ ಕೇಳಿಲ್ಲ ಅನ್ನೋದು ಅವತ್ತು ಹೊಳೆಯಿತು. ಈ ಬರಹ ಆಮೇಲೆ ಕೇಳಿದ್ದು.

ನಾಲ್ಕು ಮಂದಿ ಅಕ್ಕ-ತಂಗಿಯರು

ಅಜ್ಜಿಗೆ ಹುಟ್ಟಿದ ತಾರೀಖು ಗೊತ್ತಿಲ್ಲ. "ದೊಡ್ಡ ಯುದ್ಧ ಶುರುವಾಗೋಕೆ ಒಂದ್ವರ್ಷ ಮೊದಲು" ಅಂತ ಅವರಪ್ಪ ಹೇಳುತ್ತಿದ್ದರಂತೆ. ಅಂದರೆ 1938ರ ಹೊತ್ತು. ನಾಲ್ವರು ಹೆಣ್ಣುಮಕ್ಕಳು, ಒಬ್ಬನೇ ಅಣ್ಣ. ನಮ್ಮಜ್ಜಿ ಮೂರನೆಯಾಕೆ.

ಆಗ ನಮ್ಮ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಅವತ್ತಿನಿಂದ ತುಂಗಭದ್ರೆಯ ಈ ದಂಡೆ ಇಂಗ್ಲಿಷರದು, ಕೊಪ್ಪಳದ ಕಡೆಯ ಆ ದಂಡೆ ನಿಜಾಮರದು. 1948ರಲ್ಲಿ ರಜಾಕಾರರ ಗಲಾಟೆ ಜೋರಾದಾಗ ಆ ದಂಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಹರಿಗೋಲಿನಲ್ಲಿ ಹೊಳೆ ದಾಟಿ ಬಂದದ್ದು ಅಜ್ಜಿಗೆ ನೆನಪಿದೆ. "ನಮ್ಮ ಪಡಸಾಲ್ಯಾಗ ಒಂದು ಮನೆತನ ಬಂದು ಇತ್ತು. ನಮ್ಮವ್ವ ದಿನಾ ಎರಡು ಸೇರು ಜೋಳ ಜಾಸ್ತಿ ಬೀಸ್ತಿದ್ಳು. ಊರು ಬಿಟ್ಟು ಬರೋದಂದ್ರ ಏನಂತ ನಮಗ ಆಗ ತಿಳಿಲಿಲ್ಲ. ಐದು ವರ್ಷಕ್ಕ ನಮ್ಮದೂ ಅದೇ ಆತು."

ಯುದ್ಧದ ದಿನಗಳು ಅಂದರೆ ಆಕೆಗೆ ನೆನಪಾಗೋದು 'ಕಂಟ್ರೋಲು'. ಬಟ್ಟೆ, ಸೀಮೆಎಣ್ಣೆ, ಸಕ್ಕರೆ ಎಲ್ಲಕ್ಕೂ ಲೆಕ್ಕ. ನಾಲ್ವರಿಗೆ ಸೇರಿ ಎರಡೇ ಒಳ್ಳೆ ಲಂಗ. ಹಬ್ಬದ ದಿನ ಬೆಳಿಗ್ಗೆ ಇಬ್ಬರು ಉಟ್ಟರೆ ಸಂಜೆ ಇನ್ನಿಬ್ಬರು. ಲಂಗಕ್ಕಾಗಿ ಜಗಳ ಆಡಿದ್ದನ್ನು ಹೇಳುವಾಗ ಎಂಬತ್ತು ದಾಟಿದ ಅಜ್ಜಿಯ ಮುಖದಲ್ಲಿ ಈಗಲೂ ಸಿಟ್ಟು ಬರುತ್ತೆ. "ನಡುವಲಾಕಿ ಬಲು ಮೋಸಗಾತಿ. ಸಂಜಿ ಅಂತ ಹೇಳಿ ರಾತ್ರಿತನಕ ಬಿಡ್ತಿರಲಿಲ್ಲ."

ಹೆಚ್ಚಾಗಿ ಹೇಳೋದು ಪಂಚಮಿ ಹಬ್ಬದ್ದು. ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರನ್ನು ಅಣ್ಣ-ತಮ್ಮಂದಿರು ಹೋಗಿ ಕರೆತರಬೇಕು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಮನೆ ಹಿಂದಿನ ಬೇವಿನ ಮರಕ್ಕೆ ಜೋಕಾಲಿ. ದೊಡ್ಡಕ್ಕನನ್ನು ಹಡಗಲಿ ಕಡೆ ಕೊಟ್ಟಿದ್ದರು. ಪಂಚಮಿಗೆ ಬರುವಾಗ ಒದ್ದೆ ಬಟ್ಟೆಯಲ್ಲಿ ಹಡಗಲಿ ಮಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದಳಂತೆ. ಎರಡನೆಯಾಕೆಯನ್ನು ಹರಪನಹಳ್ಳಿ ಕಡೆ ಕೊಟ್ಟರು. ಆ ಇಬ್ಬರ ಮದುವೆ ಹಳೇ ಊರಲ್ಲೇ ಆಯಿತು.

ಡ್ಯಾಮು ಯಾಕೆ ಬಂತು

ನಮ್ಮ ಸೀಮೆಗೆ ಬರ ಹೊಸದಲ್ಲ. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಅದಕ್ಕೂ ಮೊದಲೇ, 1860ರಲ್ಲಿ, ಇಂಜಿನಿಯರ್ ಆರ್ಥರ್ ಕಾಟನ್ ತುಂಗಭದ್ರೆಗೆ ಕಟ್ಟೆ ಕಟ್ಟಬೇಕು ಅಂದಿದ್ದ. ಆದರೆ ಹೊಳೆಯ ಎರಡು ದಂಡೆಗೆ ಇಬ್ಬರು ಯಜಮಾನರು. ಮದ್ರಾಸಿನವರೂ ಹೈದರಾಬಾದಿನವರೂ ನೀರಿನ ಪಾಲಿಗೆ ಒಪ್ಪಿ ಸಹಿ ಹಾಕಿದ್ದು 1944ರಲ್ಲಿ.

1945ರ ಫೆಬ್ರುವರಿ 28ರಂದು ಅಡಿಗಲ್ಲು ಹಾಕಿದರು. ಅದೂ ಎರಡು ಕಡೆ: ಆ ದಂಡೆಯಲ್ಲಿ ನಿಜಾಮರ ಮಗ ಬೇರಾರ್ ರಾಜಕುಮಾರ, ಈ ದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಸಿಮೆಂಟಿನ ಬದಲು ಹೆಚ್ಚಾಗಿ ಸುಣ್ಣ, ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿ ಎಬ್ಬಿಸಿದ ಡ್ಯಾಮು ಅದು. 1953ರ ಜುಲೈನಲ್ಲಿ ಕಾಲುವೆಗೆ ಮೊದಲ ಸಲ ನೀರು ಬಿಟ್ಟರು. ರಾಯಚೂರು, ಗಂಗಾವತಿ, ಸಿರುಗುಪ್ಪದ ಕಡೆ ಭತ್ತದ ಗದ್ದೆಗಳು ಬಂದವು. ಆಂಧ್ರಕ್ಕೂ ನೀರು ಹೋಯಿತು.

ಅದಕ್ಕಾಗಿ ಸುಮಾರು 90 ಹಳ್ಳಿಗಳು ಮುಳುಗಿದವು, 54 ಸಾವಿರದಷ್ಟು ಜನ ಮನೆ ಬಿಟ್ಟರು. ಡ್ಯಾಮಿನ ಕೆಳಗಿನವರಿಗೆ ಕಾಲುವೆ ಸಿಕ್ಕಿತು. ಮೇಲಿನ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯವರಿಗೆ ಹಿನ್ನೀರು ಸಿಕ್ಕಿತು. ಹಿನ್ನೀರಿನ ಅಂಚಲ್ಲೇ ನಿಂತು ಮಳೆಗಾಗಿ ಮುಗಿಲು ನೋಡುವ ಹೊಲಗಳು ನಮ್ಮಲ್ಲಿ ಈಗಲೂ ಇವೆ.

ಊರು ಬಿಚ್ಚಿದ ದಿನಗಳು

"ನೀರು ಬರ್ತೈತಿ ಅಂದ್ರ ಯಾರೂ ನಂಬಲಿಲ್ಲ" ಅಂತಾಳೆ ಅಜ್ಜಿ. "ಅಷ್ಟು ದೂರದ ಹೊಳಿ ನಮ್ಮ ಹೊಸ್ತಿಲಿಗೆ ಹೆಂಗ ಬರ್ತೈತಿ ಅಂತ ನಮ್ಮಜ್ಜ ನಗ್ತಿದ್ದ."

ಆಮೇಲೆ ನಂಬಲೇಬೇಕಾಯಿತು. ಜನ ತಮ್ಮ ಮನೆ ತಾವೇ ಬಿಚ್ಚಿದರು. ತೊಲೆ, ಜಂತೆ, ಬಾಗಿಲು, ಕಿಟಕಿ ಇಳಿಸಿ ಚಕ್ಕಡಿಗೆ ಏರಿಸಿದರು. ಕೆಲಸಕ್ಕೆ ಬರುವ ಮರ ಕಡಿದರು. ಜೋಕಾಲಿಯ ಬೇವಿನ ಮರವೂ ಹೋಯಿತು. ಹದಿನಾಲ್ಕು ವರ್ಷದ ಅಜ್ಜಿ ಮತ್ತು ತಂಗಿ ಕೋಳಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಚಕ್ಕಡಿ ಹಿಂದೆ ನಡೆದರು. ಒರಳುಕಲ್ಲು ಭಾರ ಅಂತ ಬಿಟ್ಟು ಬಂದರು. ಅದರ ನೆನಪು ಅಜ್ಜಿಗೆ ಇನ್ನೂ ಹೋಗಿಲ್ಲ. "ನಮ್ಮವ್ವ ಅದರ ಮ್ಯಾಲೆ ಅರಿಶಿಣ ಹಚ್ಚಿ ಬಂದ್ಳು."

ನಾರಾಯಣದೇವರಕೆರೆಯ ಬಹಳ ಮಂದಿ ಹೊಸಪೇಟೆ ತಾಲೂಕಿನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ದೇವರನ್ನೂ ಕರೆತಂದರು. ಅಜ್ಜಿಯ ಮಾತಲ್ಲಿ ಹೇಳೋದಾದರೆ, "ದೇವರೂ ನಮ್ಮ ಜೊತಿ ಗುಳೇ ಬಂದ." ರಾಮನವಮಿಗೆ ಮರಿಯಮ್ಮನಹಳ್ಳಿಯಲ್ಲಿ ಲಕ್ಷ್ಮೀನಾರಾಯಣಸ್ವಾಮಿ, ಆಂಜನೇಯಸ್ವಾಮಿ ಜೋಡಿ ತೇರು ಎಳೆಯುತ್ತಾರಲ್ಲ, ಆ ಊರಿನ ಹಳೆಯ ಮನೆತನಗಳಿಗೆ ಆ ತೇರು ಅಂದರೆ ಅದಕ್ಕೇ ಅಷ್ಟು ಜೀವ.

ಮೂರನೆಯಾಕೆಯಾದ ನಮ್ಮಜ್ಜಿಯನ್ನು ಕೊಟ್ಟೂರಿಗೆ, ಕೊನೆಯಾಕೆಯನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದು ಹೊಸ ಮನೆಯಿಂದ. ಒಂದೇ ತಾಯಿಯ ಮಕ್ಕಳು. ಇಬ್ಬರು ಮುಳುಗಿದ ಊರಿಂದ ಗಂಡನ ಮನೆಗೆ ಹೋದವರು, ಇಬ್ಬರು ಹೊಸ ಊರಿಂದ ಹೋದವರು.

ಪಟ್ಟಾದಲ್ಲಿ ಇಲ್ಲದ ಹೆಸರು

ಮುಳುಗಿದ ಹೊಲಕ್ಕೆ, ಮನೆಗೆ ಪರಿಹಾರ ಬಂತು. ಪಟ್ಟಾ ಯಾರ ಹೆಸರಲ್ಲಿತ್ತೋ ಅವರ ಕೈಗೆ ಬಂತು. ನಮ್ಮ ಮನೆಯಲ್ಲಿ ಅಂದರೆ ಅಜ್ಜಿಯ ಅಪ್ಪನ ಕೈಗೆ, ಆಮೇಲೆ ಅಣ್ಣನಿಗೆ. ಆಗಿನ ಕಾನೂನಿನಲ್ಲಿ ಹಿರಿಯರಿಂದ ಬಂದ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಹುಟ್ಟಿನಿಂದ ಪಾಲು ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿದ್ದೇ 1956ರಲ್ಲಿ. ಕರ್ನಾಟಕ 1994ರಲ್ಲಿ ಅದಕ್ಕೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಹೇಳಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಆದ ಮೇಲೆ ಆ ಭೇದ ಹೋಯಿತು. ಅಷ್ಟೊತ್ತಿಗೆ ಅಜ್ಜಿಯ ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಪರಿಹಾರದ ದುಡ್ಡಲ್ಲಿ ತಗೊಂಡ ಬೆದ್ದಲು ಹೊಲವೂ ಮಾರಿ ಹೋಗಿತ್ತು.

ನಿನಗೆ ಬೇಜಾರಿಲ್ಲವಾ ಅಂತ ಕೇಳಿದೆ. "ಹೊಲ ಅಣ್ಣಂದು, ಅದಕ್ಕ ನಾನ್ಯಾಕ ಬೇಜಾರಾಗ್ಲಿ? ಆದ್ರ ತವರು ನಮ್ಮದಲ್ಲೇನು? ಅದು ಮುಳುಗಿದ್ದಕ್ಕ ನಮ್ಮನ್ನ ಒಬ್ಬರಾದ್ರೂ ಒಂದು ಮಾತು ಕೇಳಿದ್ರಾ?"

ಹೊಲದ ವಿಚಾರಕ್ಕೆ ಅಜ್ಜಿಯ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಪಾಲು ಕೇಳೋದು ತಪ್ಪಲ್ಲ, ಅದು ಹಕ್ಕು. ಆದರೆ ಎರಡನೇ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಳುಗಡೆಯ ಲೆಕ್ಕದಲ್ಲಿ ಎಕರೆ ಇದೆ, ಮನೆ ಇದೆ, ತಲೆ ಲೆಕ್ಕ ಇದೆ. ಅಷ್ಟೊತ್ತಿಗಾಗಲೇ ಮದುವೆಯಾಗಿ ಹಡಗಲಿಗೋ ಹರಪನಹಳ್ಳಿಗೋ ಕೂಡ್ಲಿಗಿಗೋ ಹೋಗಿದ್ದ ಹೆಣ್ಣುಮಗಳು ಆ ಊರಿನ ತಲೆ ಲೆಕ್ಕಕ್ಕೆ ಹೇಗೆ ಬಂದಾಳು? ಆಕೆಯ ಮನೆ ಬೇರೆ ಊರಲ್ಲಿ ಗಟ್ಟಿಯಾಗಿ ನಿಂತಿತ್ತು. ಮುಳುಗಿದ್ದು ಪಂಚಮಿಗೆ ಬಂದು ಹೋಗುವ ಮನೆ.

ಜಾತ್ರೆಯಲ್ಲಿ ಸೇರುವ ತವರು

ಅಪ್ಪ-ಅವ್ವ ಇರುವ ತನಕ ಮರಿಯಮ್ಮನಹಳ್ಳಿ ಮನೆಗೆ ನಾಲ್ವರೂ ಹೋಗಿ ಬಂದರು. ಆಮೇಲೆ ಅಣ್ಣನ ಮಕ್ಕಳ ಸಂಸಾರ ಬೆಳೆಯಿತು, ಮನೆ ಚಿಕ್ಕದಾಯಿತು. ಅಕ್ಕ-ತಂಗಿಯರು ಬೇರೆ ದಾರಿ ಹುಡುಕಿದರು. ವರ್ಷಕ್ಕೊಮ್ಮೆ ಕೊಟ್ಟೂರು ಬಸವೇಶ್ವರನ ತೇರಿಗೆ ಎಲ್ಲರೂ ನಮ್ಮ ಮನೆಗೆ ಬರೋದು. ಇನ್ನೊಮ್ಮೆ ರಾಮನವಮಿಗೆ ಮರಿಯಮ್ಮನಹಳ್ಳಿಯಲ್ಲಿ ಸೇರೋದು. ಮೈಲಾರದ ಕಾರಣಿಕಕ್ಕೆ ಹೋದವರು ದೊಡ್ಡಕ್ಕನ ಮನೆಯಲ್ಲಿ ಒಂದು ರಾತ್ರಿ ಇದ್ದು ಬರೋದು.

ಕೊಟ್ಟೂರಿಗೆ ಬರಲು ರೈಲಿತ್ತು. ಹೊಸಪೇಟೆಯಿಂದ ಕೊಟ್ಟೂರಿಗೆ 1905ರಲ್ಲಿ ಹಾಕಿದ ಮೀಟರ್ ಗೇಜ್ ಹಳಿ. ಹಗರಿಬೊಮ್ಮನಹಳ್ಳಿಯ ತಂಗಿ ಆ ರೈಲಲ್ಲಿ ಬಂದಿಳಿದರೆ ಅಜ್ಜಿ ಮಕ್ಕಳನ್ನು ಕಟ್ಟಿಕೊಂಡು ಸ್ಟೇಷನ್ನಿಗೆ ಹೋಗಿ ನಿಂತಿರುತ್ತಿದ್ದಳು. ನಾನು ಹುಡುಗನಿದ್ದಾಗ ಆ ರೈಲು ನಿಂತೇ ಹೋಯಿತು. ಬ್ರಾಡ್ ಗೇಜ್ ಮಾಡಿ ಪ್ಯಾಸೆಂಜರ್ ರೈಲು ಮತ್ತೆ ಓಡಿದ್ದು 2019ರಲ್ಲಿ. ಅಷ್ಟೊತ್ತಿಗೆ ದೊಡ್ಡಕ್ಕ ಇರಲಿಲ್ಲ.

ತೇರಿನ ದಿನ ನಾಲ್ವರೂ ಅಟ್ಟದ ಕೆಳಗೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಹಳೇ ಊರಿನ ಮನೆಗಳನ್ನು ಒಂದೊಂದಾಗಿ ಹೆಸರಿಸುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಬಾವಿಯಿಂದ ಶುರು ಮಾಡಿ ಗುಡಿತನಕ ಎಡಕ್ಕೆ ಯಾರ ಮನೆ, ಬಲಕ್ಕೆ ಯಾರ ಮನೆ. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದೋರು. ಮಕ್ಕಳಾದ ನಮಗೆ ಅದು ಬೇಸರದ ಆಟ. ಈಗ ಅನಿಸುತ್ತೆ, ಆ ಊರಿನ ನಕ್ಷೆ ಇದ್ದದ್ದು ಆ ನಾಲ್ವರ ಬಾಯಲ್ಲಿ.

ಕುಂತಲ್ಲೇ ಬದಲಾದ ಜಿಲ್ಲೆ

ಹರಪನಹಳ್ಳಿಯ ಎರಡನೆಯಾಕೆಗೆ ಉಳಿದವರು ತಮಾಷೆ ಮಾಡುತ್ತಿದ್ದರು. ಆಕೆ ಮನೆ ಬಿಟ್ಟು ಕದಲಲಿಲ್ಲ, ಜಿಲ್ಲೆಯೇ ಬದಲಾಯಿತು ಅಂತ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆಯ ನಮ್ಮ ತಾಲೂಕುಗಳು ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಆಯಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು. ಕೂಡ್ಲಿಗಿ ತಾಲೂಕಿನಲ್ಲಿದ್ದ ನಮ್ಮ ಕೊಟ್ಟೂರೇ ಒಂದು ತಾಲೂಕು ಆಯಿತು. 2021ರಲ್ಲಿ ಇವೆಲ್ಲಾ ಸೇರಿ ವಿಜಯನಗರ ಜಿಲ್ಲೆ.

ಹೀಗೆ ಅಜ್ಜಿ ಮದ್ರಾಸಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಮದುವೆಯಾಗಿ, ಕರ್ನಾಟಕದಲ್ಲಿ ಮೊಮ್ಮಕ್ಕಳನ್ನು ಕಂಡಳು. ಎಲ್ಲಾ ಸೇರಿ ಓಡಾಡಿದ್ದು ಐದು ತಾಲೂಕು.

ಹತ್ತೊಂಬತ್ತನೇ ಗೇಟು

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಬೆಳಗಾಗುವಷ್ಟರಲ್ಲಿ ನನ್ನ ಫೋನು ಬಿಸಿಯಾಗಿತ್ತು. ರೈತರ ಎದೆ ಒಡೆದಿತ್ತು, ನೀರೆಲ್ಲಾ ಖಾಲಿಯಾದರೆ ಬೆಳೆ ಗತಿ ಏನು ಅಂತ. ಟಿವಿಯಲ್ಲಿ ಅದೇ ಸುದ್ದಿ. ಅಜ್ಜಿ ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಯಪ್ಪಾ, ಹಂಗಾರ ನಮ್ಮೂರು ಕಾಣ್ತೈತಾ?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಕೆಗೂ ಗೊತ್ತು, ರೈತರಿಗೆ ನೀರು ಬೇಕು. ನಮ್ಮ ಮನೆಯ ಅಳಿಯಂದಿರೇ ಆ ನೀರು ನಂಬಿ ಭತ್ತ ನಾಟಿದ್ದರು. ಸ್ವಲ್ಪ ಹೊತ್ತಿಗೆ ಆಕೆಯೇ ಅಂದಳು, "ಬ್ಯಾಡ ಬಿಡು, ನೀರು ನಿಲ್ಲಲಿ. ಮಂದಿ ಉಣ್ಣಬೇಕಲ್ಲ." ಒಂದು ವಾರಕ್ಕೆ ಇಂಜಿನಿಯರುಗಳು ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿ ತಡೆದರು. ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಊರು ಕಾಣಲಿಲ್ಲ.

ಈಗ ನಾಲ್ವರಲ್ಲಿ ಇಬ್ಬರೇ ಉಳಿದಿದ್ದಾರೆ, ನಮ್ಮಜ್ಜಿ ಮತ್ತು ಹಗರಿಬೊಮ್ಮನಹಳ್ಳಿಯ ತಂಗಿ. ಇಬ್ಬರಿಗೂ ಮಂಡಿ ನೋವು, ಜಾತ್ರೆಗೆ ಬರೋದು ನಿಂತಿದೆ. ದಿನಾ ಸಂಜೆ ಫೋನು ಹಚ್ಚಿ ಕೊಡಬೇಕು. ಕಿವಿ ಮಂದ, ಅದಕ್ಕೆ ಸ್ಪೀಕರ್ ಹಾಕುತ್ತೇವೆ, ಓಣಿಗೆಲ್ಲಾ ಕೇಳುತ್ತೆ. ಮೊನ್ನೆ ಬೆಂಗಳೂರಿಂದ ಬಂದಿದ್ದ ನನ್ನ ಅಕ್ಕನ ಮಗಳು ಒಂದು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತಳು. ಬಾವಿಯಿಂದ ಗುಡಿತನಕ ಇಬ್ಬರೂ ಹೇಳಿದಂತೆ ಮನೆಗಳ ಚಿತ್ರ ಬರೆದಳು. ಎಡಕ್ಕೆ ಹನ್ನೊಂದು, ಬಲಕ್ಕೆ ಒಂಬತ್ತು. ಬಲಕ್ಕೆ ಇನ್ನೊಂದು ಮನೆ ಇತ್ತು ಅಂತ ಅಜ್ಜಿ, ಇರಲಿಲ್ಲ ಅಂತ ತಂಗಿ. ಆ ಜಗಳ ಇನ್ನೂ ತೀರಿಲ್ಲ. ತೀರಿಸಬೇಕಾದ ದೊಡ್ಡಕ್ಕ ಇಲ್ಲ.

ಹಿನ್ನೀರಿನ ಆಸುಪಾಸಿನ ನಿಮ್ಮ ಮನೆಯಲ್ಲೂ ಇಂಥ ಅಜ್ಜಿ ಇರಬಹುದು. ನಿನ್ನ ತವರು ಯಾವುದು, ಓಣಿಯಲ್ಲಿ ಯಾರ್ಯಾರ ಮನೆ ಇದ್ದವು ಅಂತ ಒಂದು ಸಲ ಕೇಳಿ, ಕೈಯಲ್ಲಿರುವ ಫೋನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಅಕ್ಕ-ತಂಗಿಯರು ಇಬ್ಬರೂ ಇದ್ದರೆ ಒಟ್ಟಿಗೆ ಕೂರಿಸಿ ಕೇಳಿ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಹೇಳುತ್ತಾರೆ.