ತಾರಸಿಯ ಗಳಿಕೆ: ಬೆಂಗಳೂರಿನಲ್ಲಿ ಬಾಡಿಗೆಯೂ ಬಿಸಿಲೂ

ಬೆಂಗಳೂರಿನ ಗೃಹಸ್ಥರಿಗೆ ಮನೆಯು ವಾಸಕ್ಕಷ್ಟೇ ಅಲ್ಲದೆ ವರಮಾನಕ್ಕೂ ಆಧಾರವಾಗಿ ಬಂದಿದೆ. ಹಳೆಯ ಪೇಟೆಯಲ್ಲಿಯೂ 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ವಠಾರಗಳು, ಅಂದರೆ ಒಂದೇ ಆವರಣದೊಳಗೆ ಸಾಲಾಗಿ ಕಟ್ಟಿ ನೀರಿನ ನಲ್ಲಿಯನ್ನು ಎಲ್ಲರಿಗೂ ಸೇರಿಸಿ ಇಟ್ಟ ಚಿಕ್ಕ ಮನೆಗಳು, ಮಾಲೀಕರಿಗೆ ತಿಂಗಳ ಆದಾಯವನ್ನು ಕೊಡುತ್ತಿದ್ದವು. ಭೋಗ್ಯದ ಪದ್ಧತಿಯಲ್ಲಿ ಬಾಡಿಗೆದಾರನು ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಮನೆ ಬಿಡುವಾಗ ಅದನ್ನು ಹಿಂದಕ್ಕೆ ಪಡೆಯುತ್ತಿದ್ದುದರಿಂದ, ಆ ಹಣದ ಬಡ್ಡಿಯೇ ಮಾಲೀಕನ ಪಾಲಿಗೆ ಬಾಡಿಗೆಯಾಗುತ್ತಿತ್ತು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯು ಒಕ್ಕಲೆಬ್ಬಿಸುವುದನ್ನೂ ಬಾಡಿಗೆ ಏರಿಸುವುದನ್ನೂ ಕಟ್ಟಿಹಾಕಿದಾಗ ಈ ಗಳಿಕೆ ಮಾಲೀಕನ ಇಚ್ಛೆಯೊಂದಕ್ಕೇ ಬಿಟ್ಟ ವಿಷಯವಾಗಿ ಉಳಿಯಲಿಲ್ಲ.

ತಾರಸಿಗೆ ಬಿಸಿಲಿನ ಸಂಪಾದನೆ ಬಂದದ್ದು ತಡವಾಗಿ, ಅದೂ ಮೊದಲು ನೀರು ಕಾಯಿಸುವ ಸೋಲಾರ್ ಆಗಿ. ವಿದ್ಯುತ್ತನ್ನೇ ಮಾರುವ ದಾರಿ ತೆರೆದದ್ದು 2013ರ ಅಕ್ಟೋಬರಿನಲ್ಲಿ, ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಹಾಯಧನ ಪಡೆಯದ ತಾರಸಿ ಘಟಕಗಳಿಗೆ ಯೂನಿಟ್ಟಿಗೆ 9.56 ರೂಪಾಯಿ, ಪಡೆದವುಗಳಿಗೆ 7.20 ರೂಪಾಯಿ ನಿಗದಿಪಡಿಸಿದಾಗ. ಮನೆಯ ಬಳಕೆ ಕಳೆದು ಮಿಕ್ಕುದಕ್ಕೆ ಮಾತ್ರ ಹಣ ಸಿಗುವ ಈ ಲೆಕ್ಕಕ್ಕೆ ನೆಟ್ ಮೀಟರಿಂಗ್ ಎನ್ನುತ್ತಾರೆ. ಮೂರು ಕಿಲೋವಾಟಿನ ಫಲಕಗಳು ಸುಮಾರು 300 ಚದರಡಿ ಹಿಡಿದು ದಿನಕ್ಕೆ 12 ಯೂನಿಟ್ಟಿನಷ್ಟು ಕೊಡುತ್ತವೆಂದು ಎಣಿಸಿದರೆ, ಅಷ್ಟನ್ನೂ 9.56ರ ದರಕ್ಕೆ ಮಾರಿದರೂ ತಿಂಗಳಿಗೆ 3,400 ರೂಪಾಯಿಯ ಸುತ್ತಮುತ್ತ ಬರುತ್ತಿತ್ತು. ಅಷ್ಟೇ ಜಾಗದಲ್ಲಿ ಕೋಣೆ ಕಟ್ಟಿದವನ ಬಾಡಿಗೆ ಕಾಲಕ್ಕೆ ತಕ್ಕಂತೆ ಏರಬಲ್ಲದು, ನೆಲದ ಬೆಲೆಯೂ ಅದರೊಂದಿಗೆ ಏರುತ್ತದೆ. ವಿದ್ಯುತ್ ಮಾರಾಟದ ಒಪ್ಪಂದದ ದರವಾದರೋ 25 ವರ್ಷ ಅಲ್ಲಿಯೇ ನಿಲ್ಲುತ್ತದೆ, ಫಲಕದ ಕಸುವು ಮಾತ್ರ ವರ್ಷವರ್ಷಕ್ಕೂ ತುಸು ಕುಂದುತ್ತದೆ. ಹಾಗೆಂದು ಬಾಡಿಗೆಯೇ ಮೇಲೆನ್ನುವುದು ಅವಸರದ ಮಾತು. ಕೋಣೆ ಕಟ್ಟಲು ಬೇಕಾದ ಬಂಡವಾಳ, ಖಾಲಿ ಬಿದ್ದ ತಿಂಗಳುಗಳು, ದುರಸ್ತಿಗಳನ್ನು ಮಾಲೀಕರು ಲೆಕ್ಕಕ್ಕೆ ಹಿಡಿಯುವುದೇ ಕಡಿಮೆ.

ನಂತರದ ಆದೇಶಗಳಲ್ಲಿ ಹೊಸಬರ ದರ ಇಳಿಯಿತು. ರಾಜ್ಯ ಸರ್ಕಾರದ 2023ರ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ವಿದ್ಯುತ್ತನ್ನು ಉಚಿತವಾಗಿಸಿದ ಮೇಲೆ, ಕಡಿಮೆ ಬಳಸುವ ಮನೆಗೆ ಉಳಿಸಲು ಬಿಲ್ಲೇ ಇಲ್ಲವಾಯಿತು. 2024ರ ಫೆಬ್ರವರಿಯಲ್ಲಿ ಕೇಂದ್ರದ ಸೂರ್ಯಘರ್ ಯೋಜನೆ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವನ್ನು ಮುಂದಿಟ್ಟಿತು. ಆದರೂ 30×40 ಅಡಿಯ ನಿವೇಶನಗಳು ಒತ್ತಾಗಿರುವ ಬಡಾವಣೆಗಳಲ್ಲಿ ನೆರೆಯವರು ಬಾಡಿಗೆಗೆಂದು ಎಬ್ಬಿಸಿದ ಅಂತಸ್ತಿನ ನೆರಳು ಪಕ್ಕದ ತಾರಸಿಯ ಫಲಕಗಳ ಮೇಲೆ ಬೀಳುತ್ತದೆ.